ಅಮ್ಮನ ಪರವಾಗಿಯೂ

ಬಾಯಿ ಮುಚ್ಚಿಕೊಂಡು ಬಡಿಸು ಎಂದು ಮಗ ಅಂದಾಗ ಜೀವರತ್ನಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಅನುಮಾನ. ಮಾತಾಡಿದ್ದು ಮಗನೋ ಗಂಡನೋ ಎಂದು ಅವಳು ಸೌಟು ಹಿಡಿದುಕೊಂಡೇ ಒಲೆಯ ಕಡೆಯಿಂದ ತಿರುಗಿ ನೋಡಿದಳು. ಗಂಡ ಕರುಣಾಕರ ಪೇಪರಿನ ಹಿಂದೆ ಕೂತಿದ್ದ. ಮಗ ಜಯಶೀಲ ತಟ್ಟೆಯ ಮುಂದೆ ಕೂತಿದ್ದ. ಹದಿನೈದು ವರ್ಷದ ಹುಡುಗ, ಮೀಸೆ ಇನ್ನೂ ಸರಿಯಾಗಿ ಮೂಡಿಲ್ಲ. ಗಂಟಲು ಮಾತ್ರ ಒಡೆದು ಅಪ್ಪನ ಗಂಟಲೇ ಬಂದು ಕೂತಿತ್ತು.

ಅವಳು ಅಂದದ್ದಾದರೂ ಏನು? "ಮೋಡ ಕಟ್ಟಿದೆ ಕಣೋ, ಇವತ್ತು ಸೈಕಲ್ ಬೇಡ, ಬಸ್ಸಿಗೆ ಹೋಗು" ಅಂದಿದ್ದಳು. ಅದಕ್ಕೆ ಬಂದ ಉತ್ತರ, "ನಿಂಗೇನ್ ಗೊತ್ತಾಗುತ್ತೆ? ಬಾಯ್ ಮುಚ್ಕೊಂಡು ಬಡ್ಸು."

ಪೇಪರು ಅಲುಗಿತು. ಕರುಣಾಕರ ನಗುತ್ತಿದ್ದ.

"ಏನ್ರೀ, ಕೇಳಿಸ್ತಾ ನಿಮ್ಮ ಮಗ ಅಂದದ್ದು?"

"ಬಿಡೇ, ಹುಡುಗ ದೊಡ್ಡವನಾಗ್ತಿದ್ದಾನೆ. ಅದಿರ್ಲಿ, ಚಟ್ನಿಗೆ ಉಪ್ಪು ಯಾರು ಹಾಕ್ಬೇಕಿತ್ತು, ಪಕ್ಕದ ಮನೆಯವ್ರಾ? ಮನೇಲಿ ಕೂತು ತಿನ್ನೋಳಿಗೆ ಇಷ್ಟೂ ನಿಗಾ ಬೇಡ್ವಾ?"

ಹುಡುಗನೂ ನಕ್ಕ. ಹನ್ನೆರಡು ವರ್ಷದ ಸುಗುಣ ಮಾತ್ರ ತಲೆ ಎತ್ತದೆ ದೋಸೆಯ ಅಂಚನ್ನು ಮುರಿಯುತ್ತಿದ್ದಳು. ಜೀವರತ್ನ ಉಪ್ಪಿನ ಜಾಡಿ ತಂದು ಮಧ್ಯದಲ್ಲಿ ಕುಕ್ಕಿ ಒಳಗೆ ಹೋದಳು.

ಇದೇ ಮಾತನ್ನು ಹುಡುಗ ಅಪ್ಪನಿಗೆ ಅಂದಿದ್ದರೆ ಏನಾಗುತ್ತಿತ್ತು ಎಂದು ಕೇಳಲೇಬೇಕಾಗಿಲ್ಲ. ಹಿಂದಿನ ವರ್ಷ ಒಂದು ಸಂಜೆ ಅಪ್ಪ ಕರೆದಾಗ ಕೂತಲ್ಲಿಂದಲೇ "ಏನು?" ಅಂದದ್ದಕ್ಕೆ ಅವನ ಅಂಗೈ ಮೇಲೆ ಬೆತ್ತದ ಬರೆ ಎದ್ದಿತ್ತು. ಬೈಬಲಿನ ಹತ್ತು ಆಜ್ಞೆಗಳಲ್ಲಿ ಐದನೆಯದನ್ನು ಗೋಡೆಗೆ ಮುಖ ಮಾಡಿ ನಿಂತು, ನಾಲಿಗೆ ಒಣಗುವವರೆಗೆ ಹೇಳಬೇಕಾಗಿ ಬಂದಿತ್ತು. ತಂದೆತಾಯಿಗಳನ್ನು ಸನ್ಮಾನಿಸು. ಆ ಮನೆಯಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು ಅದು. ಆದರೆ ಮನೆಯೊಳಗೆ ಬಂದ ಮೇಲೆ ಅದರ ಅರ್ಧ ಭಾಗ ಎಲ್ಲೋ ಉದುರಿಹೋಗಿತ್ತು, ಯಾರೂ ಬಗ್ಗಿ ಎತ್ತಿಕೊಂಡಿರಲಿಲ್ಲ.

ಜಯನಗರದ ಬಡಾವಣೆ ಆಗಿನ್ನೂ ಎಳಸು. ಒಂದು ಮನೆ ಇದ್ದರೆ ಪಕ್ಕದಲ್ಲಿ ಎರಡು ಖಾಲಿ ಸೈಟು, ಆಮೇಲೆ ಹೊಲ. ಪೇಟೆಯ ದೊಡ್ಡ ದೇವಾಲಯಕ್ಕೆ ಹೋಗಿಬರುವುದು ದೂರವೆಂದು ಸುತ್ತಲಿನ ಕ್ರೈಸ್ತ ಕುಟುಂಬಗಳು ಸೇರಿ ಒಂದು ಪ್ರೈಮರಿ ಶಾಲೆಯ ಹಾಲಿನಲ್ಲಿ ಭಾನುವಾರದ ಆರಾಧನೆ ನಡೆಸುತ್ತಿದ್ದರು. ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಕರುಣಾಕರ ಅಲ್ಲಿ ಸಂಡೇ ಸ್ಕೂಲಿನ ಸೂಪರಿಂಟೆಂಡೆಂಟು. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದರಲ್ಲಿ, ಆಜ್ಞೆಗಳನ್ನು ಬಾಯಿಪಾಠ ಮಾಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. "ಮಕ್ಕಳು ಅಂದ್ರೆ ಕರುಣಾಕರ್ ಮಕ್ಕಳು" ಎಂದು ಸಭೆಯ ಹೆಂಗಸರು ಜೀವರತ್ನಳ ಎದುರಿಗೇ ಹೇಳುತ್ತಿದ್ದರು. ಅವಳು ನಗುತ್ತಿದ್ದಳು. ಇನ್ನೇನು ಮಾಡುವುದು?

ಆ ಮನೆಗೆ ಒಂದು ಪದ್ಧತಿ ಇತ್ತು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನದ ಸಂಸ್ಕಾರ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಕಾಣಿಕೆ ಹಿಡಿದು ಬಂದವನಿಗೆ ತನ್ನ ಮೇಲೆ ಯಾರಿಗೋ ಮುನಿಸಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಬೇಕು ಎಂಬ ಯೇಸುವಿನ ಮಾತನ್ನು ಕರುಣಾಕರನ ತಂದೆ ಅಕ್ಷರಶಃ ಹಿಡಿದಿದ್ದರು. ಅವರು ತುಮಕೂರು ಕಡೆಯ ಹಳ್ಳಿಗಳಲ್ಲಿ ಉಪದೇಶಕರಾಗಿದ್ದವರು. ಶನಿವಾರ ಸಂಜೆ ಕೊಡೆ ಹಿಡಿದು ಹೊರಟು, ತಾವು ಯಾರ ಮೇಲೆ ರೇಗಿದ್ದರೋ ಅವರ ಬಾಗಿಲಿಗೇ ಹೋಗಿ ತಪ್ಪಾಯಿತು ಅಂದು ಬರುತ್ತಿದ್ದರಂತೆ.

ಮಗನ ಕೈಗೆ ಬಂದಾಗ ಪದ್ಧತಿ ತಿರುವುಮುರುವಾಯಿತು. ಶನಿವಾರ ದೀಪ ಹಚ್ಚಿದ ಮೇಲೆ ಕರುಣಾಕರ ಸ್ನಾನ ಮಾಡಿ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದ, ತೊಡೆಯ ಮೇಲೆ ಸತ್ಯವೇದ. ಮಕ್ಕಳು ಒಬ್ಬೊಬ್ಬರಾಗಿ ಬಂದು, ತಿಂಗಳಿಡೀ ಮಾಡಿದ ತಪ್ಪನ್ನು ಹೇಳಿ, "ಕ್ಷಮಿಸಿ ಅಪ್ಪ" ಅನ್ನಬೇಕು. ಅವನು ತಲೆಯ ಮೇಲೆ ಕೈಯಿಟ್ಟು, "ನಾನು ಕ್ಷಮಿಸಿದ್ದೇನೆ, ಅಮ್ಮನ ಪರವಾಗಿಯೂ ಕ್ಷಮಿಸಿದ್ದೇನೆ. ಕರ್ತನೂ ಕ್ಷಮಿಸಲಿ" ಅನ್ನುತ್ತಿದ್ದ. ಕೊನೆಗೆ ಜೀವರತ್ನಳೂ ಸೆರಗಿಗೆ ಕೈ ಒರೆಸಿಕೊಂಡು ಬಂದು ಗಂಡನ ಹತ್ತಿರ ಕ್ಷಮೆ ಕೇಳಿ ಒಲೆಯ ಹತ್ತಿರ ವಾಪಸು ಹೋಗುತ್ತಿದ್ದಳು. ಅವಳ ಪರವಾಗಿ ಕ್ಷಮಿಸಲು ಅವನಿಗೆ ಹೇಳಿದವರು ಯಾರು? ಇಷ್ಟು ವರ್ಷ ಆ ಪ್ರಶ್ನೆ ಯಾರಿಗೂ ಬಂದಿರಲಿಲ್ಲ, ಅವಳಿಗೂ.

ಹುಡುಗ ಬಾಯಿ ಮುಚ್ಚಿಕೋ ಅಂದದ್ದು ಆ ಸಲದ ಸಂಸ್ಕಾರದ ಮರುದಿನವೇ. ಆಮೇಲೆ ಅವನಿಗೆ ಅದು ಚಾಳಿಯಾಯಿತು. ಸಾಕ್ಸ್ ಸಿಗದಿದ್ದರೆ "ಎಲ್ಲಿ ಹಾಳ್ಮಾಡ್ದೆ?" ಸಾರು ಬಿಸಿ ಇಲ್ಲದಿದ್ದರೆ ತಟ್ಟೆ ದೂಕುವುದು. ಏನಾದರೂ ಹೇಳಹೋದರೆ ಕರುಣಾಕರನ ಹಾಗೆಯೇ ಎಡಗೈ ಎತ್ತಿ, ನೊಣ ಓಡಿಸಿದಂತೆ ಬೀಸುವುದು. ಅದೇ ಹುಡುಗ ಅಪ್ಪ ಗೇಟು ತೆಗೆದ ಸದ್ದಾದರೆ ಎದ್ದು ನಿಲ್ಲುತ್ತಿದ್ದ.

ಕೆಟ್ಟ ಹುಡುಗನೇನಲ್ಲ. ಈಸ್ಟರಿಗೆ ಅವನ ದೃಢೀಕರಣವಾಗಿ ಸಂಸ್ಕಾರದ ಮೇಜಿನ ಹತ್ತಿರ ಹೋಗಿ ರೊಟ್ಟಿ ತೆಗೆದುಕೊಳ್ಳುವ ಹಕ್ಕು ಬಂದಿತ್ತು. ಸಂಸ್ಕಾರದ ಬೆಳಿಗ್ಗೆ ಅವನು ಯಾರೂ ಹೇಳದೆಯೇ ಉಪವಾಸ ಇರುತ್ತಿದ್ದ. ಅಪ್ಪ ಕಲಿಸಿದ್ದನ್ನೆಲ್ಲ ಅವನು ನಂಬಿದ್ದ. ಕಷ್ಟ ಅಲ್ಲೇ ಇತ್ತು, ಕಲಿಸಿದ್ದನ್ನೂ ನಂಬಿದ್ದ, ಕಂಡದ್ದನ್ನೂ ನಂಬಿದ್ದ.

ಅತ್ತೆ ಕೃಪಮ್ಮನ ಹತ್ತಿರ ಜೀವರತ್ನ ಒಮ್ಮೆ ಬಾಯಿಬಿಟ್ಟಳು. ಮುದುಕಿ ಅವರೆಕಾಳು ಹಿಸುಕುತ್ತಾ ಕೂತಿತ್ತು.

"ಗಂಡಸರು ಮಾತಾಡೋದೇ ಹಾಗೆ ಕಣೇ. ಒಂದು ಕಿವೀಲಿ ಕೇಳು, ಇನ್ನೊಂದ್ರಲ್ಲಿ ಬಿಡು."

"ಅವನು ಗಂಡಸಲ್ಲ ಅತ್ತೆ, ನನ್ನ ಮಗ. ನಾನು ಹೆತ್ತದ್ದು."

"ಕರುಣಾಕರನ್ನ ನಾನೂ ಹೆತ್ತೆ" ಅಂದಿತು ಮುದುಕಿ. ಸಿಪ್ಪೆ ಜಾಡಿಸಿಕೊಂಡು ಎದ್ದಿತು.

ಹಾಲು ತರುತ್ತಿದ್ದ ನಾರಾಯಣಮ್ಮ ಯಡಿಯೂರಿನ ಹಳೇ ಒಕ್ಕಲು. ಹೊಲವೆಲ್ಲ ಸೈಟಾದ ಮೇಲೂ ಎರಡು ಎಮ್ಮೆ ಉಳಿಸಿಕೊಂಡಿದ್ದಳು. ಒಂದು ಬೆಳಿಗ್ಗೆ ಪಾವು ಅಳೆಯುತ್ತಿರುವಾಗ ಒಳಗಿನಿಂದ ಜಯಶೀಲನ ಕೂಗು ಅವಳ ಕಿವಿಗೂ ಬಿತ್ತು. "ಏಯ್, ನನ್ ಷರಟು ಇಸ್ತ್ರಿ ಮಾಡಿಲ್ವಾ? ದಿನಾ ಏನ್ ಮಾಡ್ತೀಯಾ ನೀನು?"

"ಯಾರವ್ವಾ, ಯಜಮಾನ್ರಾ?"

"ಮಗ" ಅಂದಳು ಜೀವರತ್ನ.

ನಾರಾಯಣಮ್ಮನ ಕೈ ತಡೆಯಿತು. "ನಮ್ಮನೇಲೂ ಬಯ್ತಾರೆ ಕಣವ್ವಾ, ಇಲ್ಲ ಅನ್ನಾಕಿಲ್ಲ. ಗಂಡ ಬಯ್ತಾನೆ, ನಾನೂ ತಿರುಗಿಸಿ ಎರಡು ಕೊಡ್ತೀನಿ ಮಾತ್ನಾಗೆ. ಆದ್ರೆ ಮಗ ಏನಾರ ನನ್ನ ಏಯ್ ಅಂದ್ರೆ ನಮ್ಮ ಯಜಮಾನ ಬಾರುಕೋಲು ತಗೋತಾನೆ. ನಿಮ್ಮಲ್ಲಿ ದಿನಾ ಸಂಜೆ ಪ್ರಾರ್ಥನೆ ಬೇರೆ ಕೇಳಿಸ್ತದೆ."

ಹಾಲಿನ ಪಾತ್ರೆ ಹಿಡಿದು ಜೀವರತ್ನ ಒಳಗೆ ಬಂದಾಗ ಅವಳ ಕಿವಿ ಕೆಂಪಾಗಿತ್ತು. ಮಾನ ಹೋದದ್ದು ಯಾರದು? ಬೈದವನದಲ್ಲ, ಬೈಸಿಕೊಂಡವಳದೇ. ಇದೆಂಥ ನ್ಯಾಯ ಎಂದು ಅವಳಿಗೆ ಅವತ್ತು ಮೈ ಉರಿಯಿತು.

ಅದೇ ವಾರ ಸುಗುಣ ಪಾತ್ರೆ ಒರೆಸುತ್ತಾ, "ಅಮ್ಮ, ನಾನು ಮದ್ವೆ ಆಗಲ್ಲ" ಅಂದಳು.

"ನಿನ್ನ ಮದುವೆ ಮಾತು ಈಗ್ಯಾರು ಎತ್ತಿದ್ರೇ?"

"ಎತ್ತಿದಾಗ ಹೇಳೋಕೆ ಈಗ್ಲೇ ಹೇಳಿಟ್ಟಿರ್ತೀನಿ. ದೋಸೆ ಹುಯ್ದ್ರೂ ಬೈಸ್ಕೋಬೇಕು, ಹುಯ್ಯದಿದ್ರೂ ಬೈಸ್ಕೋಬೇಕು. ಮೊದ್ಲು ಗಂಡನ ಹತ್ರ, ಆಮೇಲೆ ಮಗನ ಹತ್ರ. ನಂಗ್ಯಾಕೆ ಬೇಕು?"

ಮಗ ಅಪ್ಪನಾಗುತ್ತಿದ್ದಾನೆ, ಮಗಳು ಅಮ್ಮನಾಗಲಾರೆ ಅನ್ನುತ್ತಿದ್ದಾಳೆ. ತನ್ನ ಬಾಳಿನ ಬಗ್ಗೆ ಜೀವರತ್ನಳಿಗಿದ್ದ ಒಂದೇ ಸಮಾಧಾನ ಮಕ್ಕಳು, ಆ ಸಮಾಧಾನವೂ ಕೈಬಿಡುತ್ತಿತ್ತು.

ತಿಂಗಳ ಮಧ್ಯದಲ್ಲಿ ಆರಾಧನೆ ನಡೆಸುವ ಸಭಾಪಾಲಕರು, ಎಲ್ಲರೂ ಅಯ್ಯನವರೆಂದು ಕರೆಯುವವರು, ಮನೆಗೆ ಬಂದರು. ಮುಂದಿನ ಸಂಸ್ಕಾರದ ಭಾನುವಾರವೇ ಕುಟುಂಬ ಭಾನುವಾರ. ಪ್ರತಿ ಕುಟುಂಬವೂ ಒಟ್ಟಾಗಿ ಮೇಜಿನ ಮುಂದೆ ಬಂದು ಮೊಣಕಾಲೂರಬೇಕು. ಅಂದು ಮಕ್ಕಳು ತಂದೆತಾಯಿಗಳನ್ನು ಗೌರವಿಸುವ ವಿಷಯವಾಗಿ ಯಾರಾದರೂ ಗೃಹಸ್ಥರು ಮಾತಾಡಿದರೆ ಚೆನ್ನ.

"ಕರುಣಾಕರ್, ನಿಮ್ಮನ್ನು ಬಿಟ್ರೆ ಇನ್ಯಾರನ್ನ ಕೇಳ್ಲಿ? ನಿಮ್ಮ ಮನೆಯೇ ಒಂದು ಪಾಠ."

"ಎಲ್ಲಾ ಕರ್ತನ ಕೃಪೆ ಅಯ್ಯನವರೇ" ಅಂದ ಕರುಣಾಕರ. "ಏ ರತ್ನ, ಕಾಫಿ ತರೋಕೆ ಎಷ್ಟೊತ್ತು? ಕೊಡಗಿಗೆ ಹೋಗಿದ್ದೀಯಾ?"

ಅಯ್ಯನವರು ನಕ್ಕರು. ಒಳ್ಳೆಯ ಮನುಷ್ಯ, ಮರ್ಯಾದೆಗೆ ನಕ್ಕರು. ಜಯಶೀಲನೂ ನಕ್ಕ. ಜೀವರತ್ನ ಲೋಟ ಇಡುವಾಗ ತಟ್ಟೆಗೆ ಕಾಫಿ ಚೆಲ್ಲಿತು. ಅದಕ್ಕೂ ಒಂದು ಮಾತು ಬಂತು.

ಆಮೇಲಿನ ಸಂಜೆಗಳೆಲ್ಲ ಭಾಷಣದ ತಯಾರಿ. ಕರುಣಾಕರ ಹಜಾರದಲ್ಲಿ ಶತಪಥ ಹಾಕುತ್ತಾ ಜೋರಾಗಿ ಹೇಳಿಕೊಳ್ಳುತ್ತಿದ್ದ. ಒಳಗೆ ಮುದ್ದೆ ತಿರುವುತ್ತಿದ್ದವಳಿಗೆ ಪ್ರತಿ ವಾಕ್ಯವೂ ಕೇಳಿಸುತ್ತಿತ್ತು. ತಂದೆಯ ಮಾತಿಗೆ ಎದುರಾಡಬಾರದು. ತಂದೆ ನಿಂತಿರುವಾಗ ಕೂರಬಾರದು. ತಂದೆಯ ಕಣ್ಣು ನೋಡಿ ನಡೆಯಬೇಕು. ತಾಯಿ ಎಂಬ ಶಬ್ದ ಬರುತ್ತದೇನೋ ಎಂದು ಅವಳು ಕಾದಳು. ಒಂದು ಕಡೆ ಬಂತು: ತಾಯಿಯು ತಂದೆಗೆ ವಿಧೇಯಳಾಗಿದ್ದರೆ ಮಕ್ಕಳು ತಾವಾಗಿಯೇ ಕಲಿಯುತ್ತಾರೆ. ಅವಳು ಮುದ್ದೆಕೋಲನ್ನು ಅಷ್ಟು ಜೋರಾಗಿ ಒತ್ತಿದಳೆಂದರೆ ಪಾತ್ರೆ ಒಲೆಯಿಂದ ಜಾರಿತು.

ರಾಗಿ ಹಿಟ್ಟು ಮುಗಿಯುತ್ತಾ ಬಂದಿತ್ತು. ಗುರುವಾರ ಸಂಜೆ ಜಯಶೀಲ ಬ್ಯಾಟು ಹಿಡಿದು ಹೊರಡುತ್ತಿದ್ದಾಗ ಅವಳು ರಾಗಿಯ ಡಬ್ಬ ತಂದು ಬಾಗಿಲಲ್ಲಿಟ್ಟಳು.

"ಶೀಲ, ಗಿರಣಿಗೆ ಹಾಕಿಸ್ಕೊಂಡು ಬಾರೋ. ಆಮೇಲೆ ಆಟಕ್ಕೆ ಹೋಗು."

"ಆಗಲ್ಲ. ನೀನೇ ಹೋಗು."

"ಡಬ್ಬ ಭಾರ ಇದೆ, ಸೈಕಲ್ ಮೇಲಾದ್ರೆ..."

"ಮನೇಲಿ ಕೂತು ತಿನ್ನೋದು ತಾನೇ ನಿನ್ ಕೆಲ್ಸ? ಹೊತ್ಕೊಂಡು ಹೋಗು, ಮೈ ಕರಗುತ್ತೆ."

ಅವಳ ಕೈ ಮೇಲೆದ್ದದ್ದು ಅವಳಿಗೇ ಗೊತ್ತಾಗಲಿಲ್ಲ. ಕೆನ್ನೆಯ ಮೇಲೆ ಬಿದ್ದ ಸದ್ದಿಗೆ ಒಳಗಿನಿಂದ ಮುದುಕಿ, "ಏನ್ ಬಿತ್ತೇ?" ಎಂದು ಕೂಗಿತು. ಜಯಶೀಲ ಕೆನ್ನೆ ಹಿಡಿದು ನಿಂತ. ಅವನ ಕಣ್ಣಲ್ಲಿ ನೋವಿಗಿಂತ ಆಶ್ಚರ್ಯವಿತ್ತು. ಅಮ್ಮನಿಗೂ ಕೈ ಇದೆ ಎಂದು ಅವನು ನಿರೀಕ್ಷಿಸಿರಲಿಲ್ಲ. ರಾಗಿಯನ್ನು ಅವಳೇ ಸೊಂಟದ ಮೇಲೆ ಹೊತ್ತು ಗಿರಣಿಗೆ ಹೋಗಿಬಂದಳು.

ರಾತ್ರಿ ಊಟಕ್ಕೆ ಕೂತಾಗ ವಿಚಾರಣೆ ನಡೆಯಿತು.

"ಬೆಳೆದ ಹುಡುಗನ ಮೇಲೆ ಕೈ ಮಾಡ್ತೀಯಾ? ಬುದ್ಧಿ ಇದೆಯಾ ನಿಂಗೆ?"

"ಅವನು ಏನಂದ ಅಂತ ಕೇಳಿ."

"ಕೇಳ್ದೆ. ಅಂದ. ಹುಡುಗು ಬುದ್ಧಿ. ನೀನು ಅನ್ನಿಸ್ಕೊಳ್ಳೋ ಹಾಗೆ ಇದ್ದೀಯ, ಅದಕ್ಕೇ ಅಂದ."

"ಅದು ನಿಮ್ಮ ಮಾತು. ನಿಮ್ಮ ಬಾಯಿಂದ ಎತ್ತಿಕೊಂಡು ಅಂದ."

"ನನ್ನ ಮಾತು ನಿನಗೂ ನನಗೂ. ಮಕ್ಕಳನ್ನ ಯಾಕೆ ಎಳೀತೀಯಾ?" ಕರುಣಾಕರ ಮುದ್ದೆ ಮುರಿದು ಸಾರಿಗೆ ಅದ್ದಿದ. ಆಮೇಲೆ ಅವನ ಮುಖ ಇದ್ದಕ್ಕಿದ್ದಂತೆ ಮೃದುವಾಯಿತು. ಅವನಿಗೆ ಏನೋ ಹೊಳೆದಿತ್ತು. "ಒಂದು ಮಾಡು. ಶನಿವಾರ ನೀನು ಶೀಲನ ಹತ್ರ ಒಂದು ಮಾತು ಕ್ಷಮೆ ಕೇಳ್ಬಿಡು. ದೊಡ್ಡವರೂ ತಗ್ತಾರೆ ಅಂತ ಮಕ್ಕಳಿಗೆ ಗೊತ್ತಾಗ್ಲಿ. ನಾನು ಭಾನುವಾರ ಅದನ್ನೇ ಸಾಕ್ಷಿಯಾಗಿ ಹೇಳ್ತೀನಿ, ಚೆನ್ನಾಗಿರುತ್ತೆ."

ಚೆನ್ನಾಗಿರುತ್ತದಂತೆ! ಬೈದವನ ಹತ್ತಿರ ಬೈಸಿಕೊಂಡವಳು ಕ್ಷಮೆ ಕೇಳಬೇಕು, ಅದು ಸಭೆಗೆ ಸಾಕ್ಷಿಯಾಗಬೇಕು, ಚಪ್ಪಾಳೆ ಇವನಿಗೆ ಬೀಳಬೇಕು. ಜೀವರತ್ನ ಸಾರಿನ ಪಾತ್ರೆಯನ್ನು ನೆಲಕ್ಕಿಟ್ಟಳು. "ಬೇಕಾದವರು ಬಡಿಸ್ಕೊಳ್ಳಿ" ಅಂದು ಹಿತ್ತಿಲಿಗೆ ನಡೆದಳು. ಮದುವೆಯಾದಂದಿನಿಂದ ಆ ಮನೆಯಲ್ಲಿ ಕರುಣಾಕರ ತಾನೇ ಸಾರು ಹಾಕಿಕೊಂಡದ್ದು ಅವತ್ತೇ ಮೊದಲು.

ಶನಿವಾರ ಬಂತು. ದೀಪ ಹತ್ತಿತು. ಕರುಣಾಕರ ಒಗೆದ ಜುಬ್ಬ ಹಾಕಿ ಕುರ್ಚಿಯಲ್ಲಿ ಕೂತ. ಸುಗುಣ ಬಂದು, ಲೆಕ್ಕದಲ್ಲಿ ಕಮ್ಮಿ ನಂಬರು ಬಂದದ್ದನ್ನು ಮುಚ್ಚಿಟ್ಟೆನೆಂದು ಹೇಳಿ ಕ್ಷಮೆ ಕೇಳಿದಳು. ಜಯಶೀಲ ಬಂದು, "ಅಪ್ಪ, ನಿಮ್ಮ ಪೆನ್ನು ಕೇಳದೆ ತಗೊಂಡಿದ್ದೆ, ಕ್ಷಮಿಸಿ" ಅಂದ.

"ಇನ್ನೇನಾದ್ರೂ ಇದೆಯಾ?"

"ಇಲ್ಲ ಅಪ್ಪ."

ಕರುಣಾಕರ ಅವನ ತಲೆಯ ಮೇಲೆ ಕೈಯಿಟ್ಟ. "ನಾನು ಕ್ಷಮಿಸಿದ್ದೇನೆ. ಅಮ್ಮನ ಪರವಾಗಿಯೂ..."

"ನಿಲ್ಸಿ" ಅಂದಳು ಜೀವರತ್ನ.

ಅಡಿಗೆಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಧ್ವನಿ ಏರಿರಲಿಲ್ಲ, ಆದರೂ ಎಲ್ಲರೂ ತಿರುಗಿ ನೋಡಿದರು.

"ನನ್ನ ಪರವಾಗಿ ನೀವು ಕ್ಷಮಿಸಬೇಡಿ. ನಾನು ಇನ್ನೂ ಬದುಕಿದ್ದೀನಿ, ಇಲ್ಲೇ ಇದ್ದೀನಿ, ಬಾಯಿದೆ. ನಾನು ಕ್ಷಮಿಸಿಲ್ಲ."

"ಏನೇ ಇದು?"

"ಅವನನ್ನೂ ಕ್ಷಮಿಸಿಲ್ಲ. ನಿಮ್ಮನ್ನೂ ಕ್ಷಮಿಸಿಲ್ಲ. ನಿಮ್ಮಿಬ್ಬರ ಮೇಲೂ ನನಗೆ ಮುನಿಸಿದೆ. ಮುನಿಸಿರೋವಾಗ ಮೇಜಿನ ಹತ್ರ ಹೋಗಬಾರದು ಅಂತ ನೀವೇ ಮಕ್ಕಳಿಗೆ ಕಲ್ಸಿದ್ದೀರಿ. ನಾಳೆ ನೀವಿಬ್ಬರೂ ಹೋಗೋ ಹಾಗಿಲ್ಲ. ಮನಸ್ಸಲ್ಲಿ ಇಷ್ಟಿಟ್ಟುಕೊಂಡು ನಾನೂ ಹೋಗಲ್ಲ."

ಕರುಣಾಕರ ಎದ್ದುನಿಂತ. "ಹಠಾನಾ? ನಾಳೆ ಕುಟುಂಬ ಭಾನುವಾರ. ನಾನು ಮಾತಾಡ್ಬೇಕು. ಇಡೀ ಸಭೆ ನೋಡ್ತಿರುತ್ತೆ!"

"ಅದೇ ನೋಡಿ. ನಿಮಗೆ ಸಭೆ ನೋಡೋದೇ ಯೋಚನೆ. ಇಷ್ಟು ವರ್ಷ ಇಲ್ಲಿ ಮಕ್ಕಳು ನೋಡ್ತಿದ್ರು. ತಾಯಿ ಅಂದ್ರೆ ಏಯ್ ಅನ್ನಿಸ್ಕೊಳ್ಳೋಳು, ಕೂತು ತಿನ್ನೋಳು ಅಂತ ಅವರು ನಿಮ್ಮಿಂದಲೇ ಕಲಿತರು. ಬೆತ್ತ ಹಿಡಿದು ತಂದೇನ ಸನ್ಮಾನಿಸು ಅಂತ ಕಲ್ಸಿದ್ರಿ. ಆಜ್ಞೇಲಿ ನಾನೂ ಇದ್ದೀನಿ ರೀ! ದೇವರು ನನ್ನನ್ನೂ ಸೇರಿಸಿದ್ದಾನೆ. ನೀವು ತೆಗೆದು ಹಾಕಿದ್ರಿ."

"ಸರಿ, ಸರಿ, ತಪ್ಪಾಯ್ತು. ಕ್ಷಮಿಸು. ಆಯ್ತಾ? ಪ್ರಾರ್ಥನೆ ಮುಗಿಸೋಣ, ಹೊತ್ತಾಯ್ತು."

"ಗಡಿಯಾರ ನೋಡ್ಕೊಂಡು ಕೇಳೋ ಕ್ಷಮೆ ನಿಮ್ಮ ಆಫೀಸಿಗೆ ಸರಿ. ನನಗೆ ಬೇಡ."

"ನೋಡಮ್ಮ, ನಿನ್ನ ಸೊಸೆ ಮಾತು!" ಕರುಣಾಕರ ತಾಯಿಯ ಕಡೆ ತಿರುಗಿದ.

ಕೃಪಮ್ಮ ಮೂಲೆಯ ಮಂಚದಲ್ಲಿ ಕೂತಿತ್ತು. "ನಿಮ್ಮಪ್ಪ ಶನಿವಾರ ಕುರ್ಚೀಲಿ ಕೂತದ್ದು ನಾನು ನೋಡಿಲ್ಲ" ಅಂದಿತು. "ಊರೆಲ್ಲ ನಡೆಯೋರು." ಅಷ್ಟು ಹೇಳಿ ಹೊದಿಕೆ ಎಳೆದುಕೊಂಡಿತು.

ಅವತ್ತು ಪ್ರಾರ್ಥನೆ ಮುಗಿಯಲಿಲ್ಲ. ಜಯಶೀಲ ಅಮ್ಮನನ್ನೂ ಅಪ್ಪನನ್ನೂ ನೋಡುತ್ತಾ ನಿಂತಿದ್ದವನು ಹೋಗಿ ಮಲಗಿದ.

ಬೆಳಿಗ್ಗೆ ಹುಡುಗ ತಿಂಡಿ ಮುಟ್ಟಲಿಲ್ಲ, ಎಂದಿನ ಉಪವಾಸ. ಎರಡು ಸಲ ಅಡಿಗೆಮನೆಯ ಬಾಗಿಲವರೆಗೆ ಬಂದು, ನೀರು ಕುಡಿದು, ತಿರುಗಿಹೋದ. ಜೀವರತ್ನ ಕರೆಯಲಿಲ್ಲ. ಕರೆಯಬೇಕೆನಿಸಿದರೂ ಕರೆಯಲಿಲ್ಲ.

ಶಾಲೆಯ ಹಾಲ್ ಜನರಿಂದ ತುಂಬಿತ್ತು. ಕರುಣಾಕರ ಮಾತಾಡಿದ, ಚೆನ್ನಾಗಿಯೇ ಮಾತಾಡಿದ. ಹೆಂಗಸರು ತಲೆದೂಗಿದರು, ತುಂಟ ಹುಡುಗರ ಅಪ್ಪಂದಿರು ಮಕ್ಕಳ ಕಡೆ ಕಣ್ಣು ಬಿಟ್ಟರು. ಅವನು ಅಲ್ಲಿಗೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತೇನೋ. ತಲೆದೂಗುವವರನ್ನು ಕಂಡು ಅವನಿಗೆ ಇನ್ನೊಂದು ಮಾತು ಹೇಳಬೇಕೆನಿಸಿತು.

"ನಮ್ಮ ಮನೆಯಲ್ಲಿ ಸಂಸ್ಕಾರದ ಹಿಂದಿನ ಸಂಜೆ ಒಬ್ಬರನ್ನೊಬ್ಬರು ಕ್ಷಮಿಸಿಯೇ ಮಲಗುತ್ತೇವೆ. ನಿನ್ನೆಯೂ ಹಾಗೆಯೇ ಮಲಗಿದೆವು. ಮನಸ್ಸಿನಲ್ಲಿ ಮುನಿಸಿಟ್ಟುಕೊಂಡು ನಮ್ಮಲ್ಲಿ ಯಾರೂ ಈ ಮೇಜಿಗೆ ಬರುವುದಿಲ್ಲ."

ಜೀವರತ್ನಳ ಪಕ್ಕದಲ್ಲಿ ಜಯಶೀಲ ತಲೆ ಎತ್ತಿದ. ಅವನ ಬಾಯಿ ಅರ್ಧ ತೆರೆದಿತ್ತು. ದೇವರ ಮನೆಯಲ್ಲಿ ನಿಂತು, ಅಪ್ಪ, ಇಷ್ಟು ಹಸಿ ಸುಳ್ಳು!

ಮೇಜಿನ ಮುಂದೆ ಚಾಪೆ ಹಾಸಿತ್ತು. ಅಯ್ಯನವರು ಮೊದಲು ಕರುಣಾಕರನ ಕುಟುಂಬವನ್ನೇ ಕರೆದರು. ಕರುಣಾಕರ ಬೆಂಚಿನ ಹತ್ತಿರ ಬಂದು ನಿಂತ. ಜೀವರತ್ನ ಏಳಲಿಲ್ಲ. ಅವಳ ಪಕ್ಕದಲ್ಲಿ ಜಯಶೀಲನೂ ಏಳಲಿಲ್ಲ. ಸುಗುಣ ಅಮ್ಮನಿಗೆ ಇನ್ನಷ್ಟು ಒತ್ತಿ ಕೂತಳು.

"ಏಳೋ" ಎಂದು ಕರುಣಾಕರ ಹಲ್ಲಿನ ನಡುವೆ ಅಂದ.

"ಅಮ್ಮ ಇನ್ನೂ ಕ್ಷಮಿಸಿಲ್ಲ ಅಪ್ಪ."

ಒಡೆದ ಗಂಟಲು, ಪಿಸುಮಾತು ಅವನ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಹಾಲಿನ ಕೊನೆಯ ಬೆಂಚಿಗೂ ಕೇಳಿಸಿತು. ಯಾರೋ ಕೆಮ್ಮಿದರು. ಹಾರ್ಮೋನಿಯಂ ನುಡಿಸುತ್ತಿದ್ದವಳು ಒಂದು ಕ್ಷಣ ತಪ್ಪಿ ಮತ್ತೆ ಹಿಡಿದಳು.

"ಅಮ್ಮ, ನೀನಾದ್ರೂ ಬಾ" ಅಂದ ಕರುಣಾಕರ ತಾಯಿಗೆ.

"ನನಗೆ ಮಂಡಿ ಬಗ್ಗಲ್ಲ" ಅಂದಿತು ಕೃಪಮ್ಮ. ಹೋದ ತಿಂಗಳು ಅದೇ ಮಂಡಿ ಚೆನ್ನಾಗಿಯೇ ಬಗ್ಗಿತ್ತು.

ಕರುಣಾಕರ ವಾಪಸು ಕೂರಬಹುದಿತ್ತು. ಆಗಲೂ ಹೊತ್ತು ಮೀರಿರಲಿಲ್ಲ. ಅವನು ಕೂರಲಿಲ್ಲ. ಇಡೀ ಸಭೆಯ ಕಣ್ಣೆದುರು ಒಬ್ಬನೇ ನಡೆದುಹೋಗಿ ಅಷ್ಟು ಅಗಲದ ಚಾಪೆಯ ಮೇಲೆ ಮೊಣಕಾಲೂರಿ ರೊಟ್ಟಿಗೆ ಕೈ ಒಡ್ಡಿದ. ಕಲಿಸಿದವನು ತೆಗೆದುಕೊಂಡ, ಕಲಿತವನು ಬೆಂಚಿನಲ್ಲೇ ಉಳಿದ.

"ಅಮ್ಮ" ಅಂದ ಜಯಶೀಲ, ಬೆಂಚಿನ ಅಂಚು ಹಿಡಿದುಕೊಂಡು. "ನಾನು ಹಾಗೆಲ್ಲ ಅನ್ನಬಾರದಾಗಿತ್ತು. ತಪ್ಪಾಯ್ತು. ರಾಗಿ ದಿವಸದ್ದು, ಅದಕ್ಕೆ ಮುಂಚಿನದು, ಎಲ್ಲಾದೂ."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. "ನಿನ್ನದು ಮುಗೀತು ಕಂದ. ಹೋಗು, ತಗೋ."

"ನೀನು ಬಂದಾಗ ಬರ್ತೀನಿ" ಎಂದು ಅವನು ಅಲ್ಲೇ ಕೂತ.

ಮಧ್ಯಾಹ್ನ ಕರುಣಾಕರ ಊಟ ಬೇಡವೆಂದು ರೂಮು ಸೇರಿದ. ಜೀವರತ್ನ ಹಿತ್ತಿಲ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದಳು. ಜಯಶೀಲ ಕೇಳದೆಯೇ ಬಂದು ಬಕೆಟ್ಟಿಗೆ ನೀರು ಹಿಡಿದು ಕೊಡತೊಡಗಿದ. ಸುಗುಣ ತೊಳೆದದ್ದನ್ನು ಒರೆಸುತ್ತಿದ್ದಳು.

"ಅಮ್ಮ, ಅವನು ಅಷ್ಟು ಜನರ ಮುಂದೆ ಸುಳ್ಳು ಹೇಳಿದ" ಅಂದ ಹುಡುಗ. "ಇನ್ಮೇಲೆ ಅವನಿಗೆ ನಾನ್ಯಾಕೆ ಮರ್ಯಾದೆ..."

"ಯಾರು ಅವನು?"

ಜೀವರತ್ನ ಉಜ್ಜುವ ನಾರನ್ನು ಕೆಳಗೆ ಹಾಕಿ ಎದ್ದಳು. ಅವಳ ಕಣ್ಣು ನೋಡಿ ಹುಡುಗ ಒಂದು ಹೆಜ್ಜೆ ಹಿಂದೆ ಸರಿದ.

"ಅವನು ಅಲ್ಲ, ಅವರು. ನಿಮ್ಮಪ್ಪ. ಅವರು ಕಲ್ಸಿದ್ದಕ್ಕೇ ಇವತ್ತು ನಿನಗೆ ಬೆಂಚಲ್ಲಿ ಕೂರೋಕೆ ಗೊತ್ತಾಯ್ತು, ಮರೀಬೇಡ. ಅವರ ಹತ್ರ ಲೆಕ್ಕ ಕೇಳೋಳು ನಾನು. ಕೇಳೇ ಕೇಳ್ತೀನಿ, ಬಿಡಲ್ಲ. ನೀನು ಕೇಳೋ ಹಾಗಿಲ್ಲ. ನನ್ನ ಮರ್ಯಾದೆ ಉಳಿಸೋಕೆ ಅಂತ ಅವರ ಮರ್ಯಾದೆ ತೆಗೀತೀಯಾ? ಇನ್ನೊಂದು ಸಲ ಆ ಮಾತು ಬಂದ್ರೆ ಇನ್ನೊಂದು ಕೆನ್ನೇನೂ ಇದೆ ನಿನಗೆ!"

"ಇಲ್ಲಮ್ಮ" ಅಂದ ಹುಡುಗ. "ಅವರು. ಅಪ್ಪ."

ಸುಗುಣ ಅಮ್ಮನ ಸೆರಗು ಜಗ್ಗಿದಳು. ಹಿತ್ತಿಲ ಬಾಗಿಲಲ್ಲಿ ಕರುಣಾಕರ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಅವನ ಮುಖ ನೋಡಿದರೆ ಎಲ್ಲವನ್ನೂ ಕೇಳಿಸಿಕೊಂಡಂತಿತ್ತು. ಬೆಳಗಿನ ಜುಬ್ಬ ಮುದುರಿತ್ತು. ಬೈಯಲು ಬಂದವನೋ ನೀರು ಕೇಳಲು ಬಂದವನೋ, ಬಂದ ಕಾರಣ ಈಗ ಅವನಿಗೇ ಮರೆತಂತಿತ್ತು.

"ಶೀಲ, ಸುಗುಣ, ನೀವು ಒಳಗೆ ಹೋಗಿ" ಅಂದ. ಧ್ವನಿಯಲ್ಲಿ ಎಂದಿನ ಗತ್ತು ಇರಲಿಲ್ಲ. "ರತ್ನ, ನಿನ್ನ ಹತ್ರ ಒಂದು ಮಾತು ಹೇಳ್ಬೇಕಿತ್ತು."

ಮಕ್ಕಳು ಹೊರಟರು. ಜೀವರತ್ನ ಇಬ್ಬರ ತೋಳನ್ನೂ ಹಿಡಿದು ನಿಲ್ಲಿಸಿದಳು. ಅವಳ ಒದ್ದೆ ಕೈಯಿಂದ ಜಯಶೀಲನ ಭಾನುವಾರದ ಷರಟು ನೆನೆಯಿತು.

"ಇವರು ಎಲ್ಲೂ ಹೋಗಲ್ಲ ರೀ" ಅಂದಳು. "ಅಂದದ್ದೆಲ್ಲ ಇವರ ಮುಂದೇನೇ ಅಂದಿರಿ. ಹೇಳೋದನ್ನೂ ಇವರ ಮುಂದೇನೇ ಹೇಳಿ."